ಮಕ್ಕಳ ಅರಿವಳಿಕೆಯ ಫೆಲೋಶಿಪ್ ತರಬೇತಿ

ಮೂರು ಕಿಲೋ ತೂಗುವ ನವಜಾತ ಶಿಶುವಿನ ಮೈಯಲ್ಲಿ ಇರುವ ರಕ್ತವೆಲ್ಲ ಸೇರಿ ಸುಮಾರು 250 ಮಿಲಿಲೀಟರ್. ಆಪರೇಷನ್ ಟೇಬಲ್ಲಿನ ಮೇಲೆ 25 ಮಿಲಿಲೀಟರ್ ಹೋಯಿತೆಂದರೆ ದೊಡ್ಡವರ ಲೆಕ್ಕದಲ್ಲಿ ಅರ್ಧ ಲೀಟರ್ ಹೋದ ಹಾಗೆ. ಅದರ ಶ್ವಾಸನಾಳದ ಉದ್ದ 4ರಿಂದ 5 ಸೆಂಟಿಮೀಟರ್ ಮಾತ್ರ. ಒಳಗೆ ಇಳಿಸಿದ ಟ್ಯೂಬು ಒಂದು ಸೆಂಟಿಮೀಟರ್ ಜಾಸ್ತಿ ಹೋದರೆ ಬಲ ಶ್ವಾಸಕೋಶಕ್ಕೆ ಮಾತ್ರ ಗಾಳಿ ಸಿಗುತ್ತದೆ, ಒಂದು ಸೆಂಟಿಮೀಟರ್ ಮೇಲೆ ಬಂದರೆ ಟ್ಯೂಬೇ ಹೊರಬೀಳಬಹುದು. ನಾಲ್ಕು ಮಿಲಿಮೀಟರ್ ಅಗಲದ ಆ ದಾರಿಯ ಒಳಗೋಡೆ ಸುತ್ತಲೂ ಒಂದು ಮಿಲಿಮೀಟರ್ ಊದಿಕೊಂಡರೆ ಗಾಳಿ ಹೋಗುವ ಜಾಗದಲ್ಲಿ ಮುಕ್ಕಾಲು ಪಾಲು ಮುಚ್ಚಿಹೋಗುತ್ತದೆ. ದೊಡ್ಡವರ ಗಂಟಲಿನಲ್ಲಿ ಅಷ್ಟೇ ಊತ ಬಂದರೆ ಧ್ವನಿ ಸ್ವಲ್ಪ ಒಡೆಯುತ್ತದೆ, ಅಷ್ಟೆ.

ಇಂಥ ಪುಟ್ಟ ದೇಹಗಳಿಗೆ ಅರಿವಳಿಕೆ ಕೊಡುವುದನ್ನು, ಶಸ್ತ್ರಚಿಕಿತ್ಸೆಯ ಉದ್ದಕ್ಕೂ ಅವನ್ನು ಕಾಯುವುದನ್ನು, ನೋವಿಲ್ಲದೆ ಎಚ್ಚರಿಸುವುದನ್ನು ವಿಶೇಷವಾಗಿ ಕಲಿಸುವ ತರಬೇತಿಯೇ ಮಕ್ಕಳ ಅರಿವಳಿಕೆಯ ಫೆಲೋಶಿಪ್. ಸಾಮಾನ್ಯ ಅರಿವಳಿಕೆ ಶಾಸ್ತ್ರದಲ್ಲಿ ಸ್ನಾತಕೋತ್ತರ ತರಬೇತಿ ಮುಗಿಸಿ, ಸ್ವತಂತ್ರವಾಗಿ ಕೆಲಸ ಮಾಡಲು ಅರ್ಹರಾದ ವೈದ್ಯರು ಇದಕ್ಕೆ ಸೇರುತ್ತಾರೆ. ಅಮೆರಿಕದಲ್ಲಿ ಇದು 12 ತಿಂಗಳದ್ದು. ಭಾರತದಲ್ಲಿ ಬೇರೆ ಬೇರೆ ಹೆಸರಿನಲ್ಲಿ, ಬೇರೆ ಬೇರೆ ಅವಧಿಗೆ ನಡೆಯುತ್ತದೆ. ನವಜಾತ ಶಿಶುವಿನಿಂದ ಹಿಡಿದು ಹದಿನೆಂಟರ ಹುಡುಗನವರೆಗೆ ಎಲ್ಲರೂ ಇದರ ವ್ಯಾಪ್ತಿಗೆ ಬರುತ್ತಾರೆ. ಆದರೆ ತರಬೇತಿಯ ನಿಜವಾದ ತೂಕ ಬೀಳುವುದು ಮೊದಲ ಎರಡು ಮೂರು ವರ್ಷದ ಮಕ್ಕಳ ಮೇಲೆ. ಅಪಾಯ ಅಲ್ಲೇ ಹೆಚ್ಚು.

ಅರಿವಳಿಕೆಯ ಇತಿಹಾಸದಲ್ಲಿ ಮಕ್ಕಳು ಮೊದಲಿನಿಂದಲೂ ಇದ್ದಾರೆ. 1848ರ ಜನವರಿಯಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಬಳಿಯ ಹಳ್ಳಿಯೊಂದರಲ್ಲಿ ಕಾಲ್ಬೆರಳ ಉಗುರು ತೆಗೆಸಿಕೊಳ್ಳಲು ಕ್ಲೋರೋಫಾರಂ ಸೇದಿದ ಹ್ಯಾನಾ ಗ್ರೀನರ್ ಅಲ್ಲೇ ತೀರಿಕೊಂಡಳು. ಕ್ಲೋರೋಫಾರಂನಿಂದ ಸತ್ತವರಲ್ಲಿ ದಾಖಲೆಗೆ ಬಂದ ಮೊದಲ ಹೆಸರು ಅವಳದು. ವಯಸ್ಸು 15. ಆಮೇಲೆ ಸುಮಾರು ಒಂದು ಶತಮಾನ ಮಕ್ಕಳಿಗೆಂದು ಬೇರೆ ವಿಧಾನ, ಬೇರೆ ಸಲಕರಣೆ, ಬೇರೆ ವೈದ್ಯರು ಹೆಚ್ಚಾಗಿ ಇರಲಿಲ್ಲ. ಬಟ್ಟೆ ಹೊದಿಸಿದ ತಂತಿಯ ಮುಸುಕಿನ ಮೇಲೆ ಈಥರ್ ತೊಟ್ಟಿಕ್ಕಿಸುವುದೇ ಪದ್ಧತಿ. ಟೊರಾಂಟೊದ ಮಕ್ಕಳ ಆಸ್ಪತ್ರೆಯಲ್ಲಿ 1919ರಿಂದ ಕೆಲಸ ಮಾಡಿದ ಚಾರ್ಲ್ಸ್ ರಾಬ್ಸನ್ ಅವರಂಥ ಕೆಲವರು ಮಾತ್ರ ಇದಕ್ಕೇ ಬದುಕು ಮೀಸಲಿಟ್ಟರು.

ಬದಲಾವಣೆ ಬಂದದ್ದು ಒಂದು ಸಣ್ಣ ಉಪಕರಣದಿಂದ. ಕವಾಟಗಳ ಮೂಲಕ ಉಸಿರೆಳೆಯಲು ಶಿಶುವಿಗೆ ಶಕ್ತಿ ಸಾಲದೆಂದು ಕಂಡ ನ್ಯೂಕ್ಯಾಸಲ್‌ನ ಫಿಲಿಪ್ ಏರ್, 1937ರಲ್ಲಿ ಕವಾಟವೇ ಇಲ್ಲದ ‘ಟಿ’ ಆಕಾರದ ಕೊಳವೆಯನ್ನು ಬಳಕೆಗೆ ತಂದರು. 1950ರಲ್ಲಿ ಲಿವರ್‌ಪೂಲ್‌ನ ಗಾರ್ಡನ್ ಜಾಕ್ಸನ್ ರೀಸ್ ಅದಕ್ಕೆ ಬಾಲ ತೆರೆದ ಒಂದು ಚೀಲ ಜೋಡಿಸಿದರು. ಇವತ್ತಿಗೂ ಕರ್ನಾಟಕದ ಆಪರೇಷನ್ ಥಿಯೇಟರುಗಳಲ್ಲಿ ‘ಜೆ.ಆರ್. ಕೊಡಿ’ ಎಂದು ಕೇಳಿದರೆ ಸಿಸ್ಟರ್ ಎತ್ತಿಕೊಡುವುದು ಅದನ್ನೇ. ಚೀಲದ ಬಾಲವನ್ನು ಎರಡು ಬೆರಳ ನಡುವೆ ಒತ್ತಿ, ಸಡಿಲಿಸಿ, ಮಗುವಿನ ಒಂದೊಂದು ಉಸಿರನ್ನೂ ಅಂಗೈಯಿಂದಲೇ ಅಳೆಯುವ ವಿದ್ಯೆ ಅದು. ಎದೆ ಬಿಗಿಯಾಯಿತೋ, ಮಗು ತಾನೇ ಉಸಿರಾಡಲು ತೊಡಗಿತೋ ಎಂಬುದು ಯಂತ್ರದ ಪರದೆಗಿಂತ ಮೊದಲು ಕೈಗೆ ಗೊತ್ತಾಗುತ್ತದೆ. ಕಲಿಯಲು ಬಂದವರಿಗೆ ಬಾಯಿಮಾತಿನಲ್ಲಿ ಹೇಳಿ ದಾಟಿಸಲಾಗದ ಇಂಥ ಸಂಗತಿಗಳೇ ಫೆಲೋಶಿಪ್ ಎಂಬ ವ್ಯವಸ್ಥೆಯ ಮೂಲ ಕಾರಣ.

ಅಟ್ಲಾಂಟಿಕ್‌ನ ಆಚೆ ಈ ವಿದ್ಯೆಯನ್ನು ಮುಂದಕ್ಕೆ ತಳ್ಳಿದ್ದು ಹೃದಯದ ಶಸ್ತ್ರಚಿಕಿತ್ಸೆ. 1938ರ ಆಗಸ್ಟ್‌ನಲ್ಲಿ ಬಾಸ್ಟನ್ ಮಕ್ಕಳ ಆಸ್ಪತ್ರೆಯ ರಾಬರ್ಟ್ ಗ್ರಾಸ್, ತಮ್ಮ ಮುಖ್ಯಸ್ಥರು ಊರಲ್ಲಿಲ್ಲದಾಗ, ಏಳು ವರ್ಷದ ಹುಡುಗಿಯ ಹೃದಯದ ಪಕ್ಕದಲ್ಲಿ ಮುಚ್ಚದೆ ಉಳಿದಿದ್ದ ರಕ್ತನಾಳವನ್ನು ಕಟ್ಟಿದರು. ಅರಿವಳಿಕೆ ಕೊಟ್ಟವರು ಬೆಟ್ಟಿ ಲ್ಯಾಂಕ್ ಎಂಬ ನರ್ಸ್. 1944ರ ನವೆಂಬರ್ 29ರಂದು ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಆಲ್ಫ್ರೆಡ್ ಬ್ಲೇಲಾಕ್ ಮೊದಲ ‘ನೀಲಿ ಮಗು’ವಿನ ಶಸ್ತ್ರಚಿಕಿತ್ಸೆಗೆ ಸಿದ್ಧರಾದಾಗ, ಅಲ್ಲಿನ ಅರಿವಳಿಕೆ ವಿಭಾಗದ ಹಿರಿಯರಾದ ಆಸ್ಟಿನ್ ಲ್ಯಾಮಾಂಟ್ ಮಗು ಬಹಳ ಸೋತಿದೆಯೆಂದು ಹಿಂದೆ ಸರಿದರು. ಆ ಹೊಣೆ ಹೊತ್ತದ್ದು ಇನ್ನೂ ತರಬೇತಿಯಲ್ಲಿದ್ದ ಯುವ ವೈದ್ಯ ಮೆರೆಲ್ ಹಾರ್ಮೆಲ್. ಈ ಪ್ರಸಂಗ ಹೇಳುವಾಗ ಬ್ಲೇಲಾಕ್, ಅವರ ಜೊತೆ ಈ ಶಸ್ತ್ರಚಿಕಿತ್ಸೆಯನ್ನು ರೂಪಿಸಿದ ಹೆಲೆನ್ ಟಾಸಿಗ್, ವಿವಿಯನ್ ಥಾಮಸ್ ಮೂವರ ಹೆಸರು ಬರುವುದು ನ್ಯಾಯವೇ. ಆದರೆ ತುಟಿ ನೀಲಿಗಟ್ಟಿದ, ಐದು ಕಿಲೋ ಕೂಡ ತೂಗದ ಆ ಮಗುವನ್ನು ಎದೆ ತೆರೆದಿರುವಷ್ಟು ಹೊತ್ತೂ ಉಸಿರಾಡಿಸಿದ ಹಾರ್ಮೆಲ್ ಹೆಸರೂ ಅವರ ಜೊತೆಯಲ್ಲೇ ಬರಬೇಕು.

1946ರಲ್ಲಿ ಯುದ್ಧದಿಂದ ಮರಳಿದ ರಾಬರ್ಟ್ ಸ್ಮಿತ್ ಬಾಸ್ಟನ್ ಮಕ್ಕಳ ಆಸ್ಪತ್ರೆಯ ಅರಿವಳಿಕೆ ವಿಭಾಗದ ಹೊಣೆ ಹೊತ್ತರು. ಮಗುವಿನ ಎದೆಗೆ ಸ್ಟೆತಾಸ್ಕೋಪ್ ಅಂಟಿಸಿ, ಶಸ್ತ್ರಚಿಕಿತ್ಸೆ ಮುಗಿಯುವವರೆಗೂ ಹೃದಯದ ಮತ್ತು ಉಸಿರಿನ ಸದ್ದನ್ನು ಕಿವಿಯಲ್ಲಿ ಇಟ್ಟುಕೊಂಡೇ ಇರಬೇಕೆಂದು ಅವರು ಕಲಿಸಿದರು. ಮಾನಿಟರುಗಳಿಲ್ಲದ ಕಾಲದಲ್ಲಿ ಅದೇ ಮಾನಿಟರ್. ಕೆನಡಾದ ಡಿಗ್ಬಿ ಲೀ ಸಹಲೇಖಕರಾಗಿದ್ದ ಪಠ್ಯಪುಸ್ತಕ 1948ರಲ್ಲಿ, ಸ್ಮಿತ್ ಅವರದು 1959ರಲ್ಲಿ ಬಂತು. ಪಠ್ಯಪುಸ್ತಕ ಬಂತೆಂದರೆ ಶಾಸ್ತ್ರ ನೆಲೆ ನಿಂತಂತೆ. ಆದರೂ ತರಬೇತಿ ಮಾತ್ರ ಗುರುವನ್ನು ಹುಡುಕಿಕೊಂಡು ಹೋಗಿ ಆರು ತಿಂಗಳೋ ವರ್ಷವೋ ಜೊತೆಗಿದ್ದು ಬರುವ ರೀತಿಯಲ್ಲೇ ದಶಕಗಳ ಕಾಲ ನಡೆಯಿತು. ಬ್ರಿಟನ್ ಮತ್ತು ಐರ್ಲೆಂಡಿನ ಮಕ್ಕಳ ಅರಿವಳಿಕೆ ತಜ್ಞರ ಸಂಘ 1973ರಲ್ಲಿ, ಅಮೆರಿಕದ ಸೊಸೈಟಿ ಫಾರ್ ಪೀಡಿಯಾಟ್ರಿಕ್ ಅನೆಸ್ತೀಸಿಯಾ 1986ರಲ್ಲಿ ಹುಟ್ಟಿದವು.

ಈ ಕಥೆಯಲ್ಲಿ ನೋವಿನ ಅಧ್ಯಾಯವೊಂದಿದೆ. ನವಜಾತ ಶಿಶುವಿನ ನರಮಂಡಲ ಬಲಿತಿರುವುದಿಲ್ಲ, ಅದಕ್ಕೆ ನೋವು ಸರಿಯಾಗಿ ಗೊತ್ತಾಗುವುದಿಲ್ಲ, ಔಷಧ ಕೊಟ್ಟರೆ ಅಪಾಯವೇ ಹೆಚ್ಚು ಎಂಬ ನಂಬಿಕೆ 1980ರ ದಶಕದವರೆಗೂ ದೊಡ್ಡ ಆಸ್ಪತ್ರೆಗಳಲ್ಲಿ ಬೇರೂರಿತ್ತು. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಅಲುಗಾಡದಂತೆ ಮಾಡುವ ಔಷಧವನ್ನಷ್ಟೇ ಕೊಟ್ಟು, ನೋವು ನಿವಾರಕವನ್ನು ತೀರ ಕಡಿಮೆ ಅಥವಾ ಕೊಡದೆಯೇ ಎದೆ ತೆರೆದ ಉದಾಹರಣೆಗಳಿವೆ. ಇಂದೋರಿನ ಮಹಾತ್ಮ ಗಾಂಧಿ ಮೆಡಿಕಲ್ ಕಾಲೇಜಿನಲ್ಲಿ ಓದಿ, ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡ್‌ಗೆ ಹೋದ ಕನ್ವಲ್‌ಜಿತ್ ಸಿಂಗ್ ಆನಂದ್ ಈ ನಂಬಿಕೆಯನ್ನು ಪ್ರಶ್ನಿಸಿದರು. ಅವರು ಮತ್ತು ಸಹೋದ್ಯೋಗಿಗಳು 1987ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ, ಫೆಂಟನಿಲ್ ಎಂಬ ನೋವು ನಿವಾರಕ ಸಿಕ್ಕ ಅಕಾಲ ಶಿಶುಗಳ ದೇಹದಲ್ಲಿ ಒತ್ತಡದ ಹಾರ್ಮೋನುಗಳ ಏರಿಕೆ ಕಡಿಮೆ, ನಂತರದ ತೊಡಕುಗಳೂ ಕಡಿಮೆ ಎಂದು ತೋರಿಸಿತು. ಶಿಶುವಿಗೂ ನೋವಾಗುತ್ತದೆ, ಆ ನೋವು ಶರೀರಕ್ಕೆ ಹಾನಿ ಮಾಡುತ್ತದೆ ಎಂಬುದು ತಾಯಂದಿರಿಗೆ ಯಾವತ್ತೂ ಗೊತ್ತಿದ್ದ ವಿಷಯ. ವೈದ್ಯಶಾಸ್ತ್ರ ಅದನ್ನು ಒಪ್ಪಲು ರಕ್ತಪರೀಕ್ಷೆಯ ಅಂಕಿಗಳು ಬೇಕಾದವು. ಇವತ್ತು ಪ್ರತಿ ಫೆಲೋ ನೋವು ನಿರ್ವಹಣೆಯ ವಿಭಾಗದಲ್ಲಿ ಕಡ್ಡಾಯವಾಗಿ ಕೆಲಸ ಮಾಡುವುದರ ಹಿಂದೆ ಈ ಇತಿಹಾಸ ನಿಂತಿದೆ.

ಹಾಗಾದರೆ ವಿಶೇಷ ತರಬೇತಿ ಪಡೆದವರ ಕೈಯಲ್ಲಿ ಮಕ್ಕಳು ನಿಜಕ್ಕೂ ಹೆಚ್ಚು ಸುರಕ್ಷಿತವೇ? ಪುರಾವೆ ಮೊದಲು ಬಂದದ್ದು ಸಾವುಗಳ ಲೆಕ್ಕದಿಂದ. ಬ್ರಿಟನ್ನಿನಲ್ಲಿ ಶಸ್ತ್ರಚಿಕಿತ್ಸೆಯ ಆಸುಪಾಸಿನ ಸಾವುಗಳನ್ನು ಗುಟ್ಟಾಗಿ ವಿಚಾರಿಸಿ ವರದಿ ಮಾಡುವ ರಾಷ್ಟ್ರೀಯ ಸಮಿತಿ, 1989ರಲ್ಲಿ ಹತ್ತು ವರ್ಷದೊಳಗಿನ ಮಕ್ಕಳ ಪ್ರಕರಣಗಳನ್ನು ಪರಿಶೀಲಿಸಿತು. ಯಾವಾಗಲೋ ಒಮ್ಮೆ ಮಕ್ಕಳ ಕೇಸು ಮಾಡುವ ಸರ್ಜನ್ನರೂ ಅರಿವಳಿಕೆ ವೈದ್ಯರೂ ಆ ಕೆಲಸಕ್ಕೆ ಕೈ ಹಾಕಬಾರದು ಎಂಬುದು ಅದರ ಮುಖ್ಯ ಮಾತು. 1991ರಲ್ಲಿ ಅಮೆರಿಕದ ವರ್ಜೀನಿಯಾದ ಆಸ್ಪತ್ರೆಯೊಂದರ ದಾಖಲೆಗಳಿಂದ ಕೀನನ್ ಮತ್ತು ಸಂಗಡಿಗರು ಇನ್ನೊಂದು ಲೆಕ್ಕ ಹೊರತೆಗೆದರು. ಒಂದು ವರ್ಷದೊಳಗಿನ 4,343 ಶಿಶುಗಳಲ್ಲಿ ಅರಿವಳಿಕೆಯಿಂದಾಗಿ ಹೃದಯ ನಿಂತದ್ದು ನಾಲ್ಕು ಸಲ. ನಾಲ್ಕೂ ಸಲ ಅಲ್ಲಿದ್ದವರು ಮಕ್ಕಳ ಅರಿವಳಿಕೆಯಲ್ಲಿ ವಿಶೇಷ ತರಬೇತಿ ಇಲ್ಲದವರು. ತರಬೇತಿ ಪಡೆದವರ ಪಟ್ಟಿಯಲ್ಲಿ ಅಂಥ ಘಟನೆ ಒಂದೂ ಇರಲಿಲ್ಲ. ನಾಲ್ಕು ಎನ್ನುವುದು ಸಣ್ಣ ಸಂಖ್ಯೆ. ಅದರ ಮೇಲೆ ದೊಡ್ಡ ತೀರ್ಮಾನ ಕಟ್ಟುವುದು ಕಷ್ಟವೆಂಬ ಆಕ್ಷೇಪ ಸರಿಯಾದದ್ದೇ. ಆದರೆ 1997ರಲ್ಲಿ ಫ್ರಾನ್ಸಿನಿಂದ ಬಂದ ಸಮೀಕ್ಷೆಯೂ ಅದೇ ದಿಕ್ಕಿಗೆ ಕೈ ತೋರಿಸಿತು. ವರ್ಷಕ್ಕೆ 200ಕ್ಕಿಂತ ಹೆಚ್ಚು ಮಕ್ಕಳಿಗೆ ಅರಿವಳಿಕೆ ಕೊಡುವವರಿಗಿಂತ, ನೂರರೊಳಗೆ ಕೊಡುವವರ ಕೈಯಲ್ಲಿ ತೊಡಕುಗಳು ಹೆಚ್ಚು.

ಯಾವ ಮಕ್ಕಳಿಗೆ ಅಪಾಯ ಎಂಬುದನ್ನು ಬಿಡಿಸಿ ತೋರಿಸಿದ್ದು 1994ರಲ್ಲಿ ಅಮೆರಿಕದಲ್ಲಿ ಆರಂಭವಾದ ಹೃದಯಸ್ತಂಭನದ ನೋಂದಣಿ. 2000ದಲ್ಲಿ ಪ್ರಕಟವಾದ ಅದರ ಮೊದಲ ವರದಿಯ ಪ್ರಕಾರ ಅರಿವಳಿಕೆಗೆ ಸಂಬಂಧಿಸಿದ ಹೃದಯಸ್ತಂಭನ 10,000ಕ್ಕೆ ಸುಮಾರು 1.4. ಅವುಗಳಲ್ಲಿ ಶೇಕಡಾ 55ರಷ್ಟು ಒಂದು ವರ್ಷದೊಳಗಿನ ಶಿಶುಗಳಲ್ಲಿ ಆಗಿದ್ದವು. ಹೃದಯವನ್ನು ಕುಗ್ಗಿಸುವ ಹಾಲೊಥೇನ್ ಅನಿಲದ ಪಾಲು ಅದರಲ್ಲಿ ದೊಡ್ಡದಿತ್ತು. ಸೀವೊಫ್ಲುರೇನ್ ಬಂದು ಅದರ ಜಾಗ ಹಿಡಿದ ಮೇಲೆ ಔಷಧದಿಂದಾಗುವ ಹೃದಯಸ್ತಂಭನಗಳು ಇಳಿದವು. ಇತ್ತೀಚಿನ ದೊಡ್ಡ ಪುರಾವೆ ಯುರೋಪಿನದು. ‘ಏಪ್ರಿಕಾಟ್’ ಎಂದು ಕರೆಸಿಕೊಳ್ಳುವ, 2017ರಲ್ಲಿ ಪ್ರಕಟವಾದ ಆ ಅಧ್ಯಯನ 33 ದೇಶಗಳ 261 ಆಸ್ಪತ್ರೆಗಳಲ್ಲಿ 31,000ಕ್ಕೂ ಹೆಚ್ಚು ಅರಿವಳಿಕೆಗಳನ್ನು ಗಮನಿಸಿತು. ಶೇಕಡಾ 5.2ರಲ್ಲಿ ಗಂಭೀರ ಘಟನೆ ನಡೆದಿತ್ತು. ಮೂರು ವರ್ಷದೊಳಗಿನವರಿಗೆ ಅಪಾಯ ಜಾಸ್ತಿ, ತಂಡದ ಹಿರಿಯರ ಅನುಭವ ಒಂದೊಂದು ವರ್ಷ ಹೆಚ್ಚಿದಂತೆ ಉಸಿರಾಟದ ತೊಡಕು ಶೇಕಡಾ 1ರಷ್ಟು, ಹೃದಯ ಮತ್ತು ರಕ್ತಪರಿಚಲನೆಯ ತೊಡಕು ಶೇಕಡಾ 2ರಷ್ಟು ಕಡಿಮೆ.

ಈ ಅಂಕಿಗಳನ್ನೆಲ್ಲ ಒಟ್ಟಿಗೆ ಓದಿದರೆ ಒಂದು ವಿಷಯ ತಿಳಿಯಾಗುತ್ತದೆ. ಮಗುವನ್ನು ಕಾಪಾಡುವುದು ಪುಸ್ತಕದ ಜ್ಞಾನಕ್ಕಿಂತ ಹೆಚ್ಚಾಗಿ ಮತ್ತೆ ಮತ್ತೆ ಮಾಡಿದ ಕೈ. ಸಾಮಾನ್ಯ ತರಬೇತಿಯಲ್ಲಿ ಅಷ್ಟೊಂದು ನವಜಾತ ಶಿಶುಗಳು ಯಾರ ಪಾಲಿಗೂ ಬರುವುದಿಲ್ಲ. ವಿರಳವಾಗಿ ಬರುವ ಕೇಸುಗಳನ್ನು ಒಂದೆಡೆ ಸೇರಿಸಿ, ಒಬ್ಬ ಕಲಿಯುವವರ ಮುಂದೆ ಒಂದೇ ವರ್ಷದಲ್ಲಿ ಇಡುವುದು ಫೆಲೋಶಿಪ್‌ನ ಕೆಲಸ.

ಅಮೆರಿಕದಲ್ಲಿ ಇದಕ್ಕೆ ಅಧಿಕೃತ ಚೌಕಟ್ಟು ಬಂದದ್ದು 1997ರಲ್ಲಿ. ಸ್ನಾತಕೋತ್ತರ ವೈದ್ಯಕೀಯ ಶಿಕ್ಷಣಕ್ಕೆ ಮಾನ್ಯತೆ ಕೊಡುವ ಮಂಡಳಿ ಮಕ್ಕಳ ಅರಿವಳಿಕೆಯ ಫೆಲೋಶಿಪ್‌ಗಳನ್ನು ಆಗ ತನ್ನ ವ್ಯಾಪ್ತಿಗೆ ತೆಗೆದುಕೊಂಡಿತು. ಪ್ರತ್ಯೇಕ ಪರೀಕ್ಷೆ ಮತ್ತು ಪ್ರಮಾಣಪತ್ರಕ್ಕೆ ಇನ್ನೂ ಹದಿನಾರು ವರ್ಷ ಕಾಯಬೇಕಾಯಿತು. ಅಮೆರಿಕನ್ ಬೋರ್ಡ್ ಆಫ್ ಅನೆಸ್ತೀಸಿಯಾಲಜಿ ಮೊದಲ ಪರೀಕ್ಷೆ ನಡೆಸಿದ್ದು 2013ರಲ್ಲಿ. ವೈದ್ಯಕೀಯ ಪದವಿಯ ನಂತರ ನಾಲ್ಕು ವರ್ಷದ ರೆಸಿಡೆನ್ಸಿ, ಅದರ ಮೇಲೆ ಈ ಒಂದು ವರ್ಷ. ಮಕ್ಕಳ ಹೃದಯದ ಅರಿವಳಿಕೆಯನ್ನೇ ಹಿಡಿಯುವವರು ಇನ್ನೂ ಒಂದು ವರ್ಷ ಮುಂದುವರಿಯುವುದುಂಟು. ಅಮೆರಿಕನ್ ಕಾಲೇಜ್ ಆಫ್ ಸರ್ಜನ್ಸ್ ಮಕ್ಕಳ ಶಸ್ತ್ರಚಿಕಿತ್ಸಾ ಕೇಂದ್ರಗಳಿಗೆ ದರ್ಜೆ ಕೊಡಲು ಶುರುಮಾಡಿದ ಮೇಲೆ ಈ ಪ್ರಮಾಣಪತ್ರಕ್ಕೆ ಬೆಲೆ ಹೆಚ್ಚಿತು. ಮೊದಲ ದರ್ಜೆಯ ಕೇಂದ್ರವೆನಿಸಬೇಕಾದರೆ ಎರಡು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಮಕ್ಕಳ ಅರಿವಳಿಕೆ ತಜ್ಞರೇ ಅರಿವಳಿಕೆ ಕೊಡಬೇಕು.

ಆ ವರ್ಷದಲ್ಲಿ ಏನೇನು ನಡೆಯುತ್ತದೆ? ಹೆಚ್ಚಿನ ತಿಂಗಳುಗಳು ಆಪರೇಷನ್ ಥಿಯೇಟರಿನಲ್ಲಿ ಕಳೆಯುತ್ತವೆ. ಉಳಿದವು ಹೃದಯದ ಥಿಯೇಟರು, ಮಕ್ಕಳ ತೀವ್ರ ನಿಗಾ ಘಟಕ, ನೋವಿನ ವಿಭಾಗ, ಎಂಆರ್‌ಐ ಮತ್ತು ಕ್ಯಾತ್ ಲ್ಯಾಬಿನಂಥ ಥಿಯೇಟರಿನ ಹೊರಗಿನ ಜಾಗಗಳಿಗೆ ಹಂಚಿಹೋಗುತ್ತವೆ. ಫೆಲೋ ಮಾಡಿದ ಪ್ರತಿ ಕೇಸೂ ಮಗುವಿನ ವಯಸ್ಸು, ಶಸ್ತ್ರಚಿಕಿತ್ಸೆಯ ಬಗೆ, ಮಾಡಿದ ಕೌಶಲ ಎಲ್ಲದರ ಸಮೇತ ಲಾಗ್‌ಬುಕ್ಕಿಗೆ ಸೇರುತ್ತದೆ. ಪ್ರತಿ ವಯೋಗುಂಪಿನಲ್ಲೂ ಕನಿಷ್ಠ ಇಷ್ಟು ಎಂಬ ಮಿತಿ ಇದೆ. ಮಧ್ಯೆ ಮಧ್ಯೆ ಗೊಂಬೆಯ ಮೇಲೆ ತುರ್ತು ಪ್ರಸಂಗಗಳ ಅಣಕು ತಾಲೀಮು ನಡೆಯುತ್ತದೆ.

ಒಂದು ಕೇಸನ್ನು ಹತ್ತಿರದಿಂದ ನೋಡಿದರೆ ಈ ಕಲಿಕೆಯ ಸ್ವರೂಪ ಅರ್ಥವಾಗುತ್ತದೆ. ಮೂರ್ನಾಲ್ಕು ಸಾವಿರ ಹೆರಿಗೆಗೊಂದರಂತೆ ಕೆಲವು ಶಿಶುಗಳಲ್ಲಿ ಅನ್ನನಾಳ ಮೇಲ್ಭಾಗದಲ್ಲೇ ಕುರುಡಾಗಿ ಮುಚ್ಚಿಕೊಂಡು, ಕೆಳಗಿನ ತುಂಡು ಶ್ವಾಸನಾಳಕ್ಕೆ ತೆರೆದುಕೊಂಡಿರುತ್ತದೆ. ಹಾಲು ಕುಡಿಸಿದರೆ ಉಸಿರುಗಟ್ಟುತ್ತದೆ. ಹುಟ್ಟಿದ ಒಂದೆರಡು ದಿನದಲ್ಲೇ ಎದೆ ತೆರೆದು ಸರಿಮಾಡಬೇಕು. ಒಂದೇ ಶಸ್ತ್ರಚಿಕಿತ್ಸೆಯಲ್ಲಿ ಎರಡು ತುದಿಗಳನ್ನು ಜೋಡಿಸಿ ಮಗುವನ್ನು ಉಳಿಸುವುದು ಮೊದಲು ಸಾಧ್ಯವಾದದ್ದು 1941ರಲ್ಲಿ, ಮಿಶಿಗನ್‌ನ ಕ್ಯಾಮರಾನ್ ಹೈಟ್ ಅವರಿಗೆ. ಅರಿವಳಿಕೆ ಕೊಡುವವರ ಸಂಕಟ ಇಲ್ಲಿ ವಿಚಿತ್ರವಾದದ್ದು. ಮುಸುಕಿಟ್ಟು ಜೋರಾಗಿ ಗಾಳಿ ಒತ್ತಿದರೆ ಅದು ಆ ತೂತಿನ ಮೂಲಕ ಹೊಟ್ಟೆಗೆ ನುಗ್ಗುತ್ತದೆ. ಹೊಟ್ಟೆ ಉಬ್ಬಿ ವಪೆಯನ್ನು ಮೇಲಕ್ಕೆ ತಳ್ಳುತ್ತದೆ. ಶ್ವಾಸಕೋಶಕ್ಕೆ ಜಾಗವೇ ಉಳಿಯುವುದಿಲ್ಲ. ಆದ್ದರಿಂದ ಮಗುವಿನ ಸ್ವಂತ ಉಸಿರನ್ನು ಆದಷ್ಟು ಉಳಿಸಿಕೊಳ್ಳಬೇಕು. ಟ್ಯೂಬಿನ ತುದಿ ತೂತನ್ನು ದಾಟಿರಬೇಕು, ಆದರೆ ಶ್ವಾಸನಾಳ ಕವಲೊಡೆಯುವ ಜಾಗವನ್ನು ದಾಟಿರಬಾರದು. ಆ ಎರಡರ ನಡುವೆ ಸಿಗುವುದು ಹಲವು ಸಲ ಕೆಲವೇ ಮಿಲಿಮೀಟರ್. ಸರ್ಜನ್ ಎದೆಯೊಳಗೆ ಶ್ವಾಸಕೋಶವನ್ನು ಪಕ್ಕಕ್ಕೆ ಸರಿಸಿದ ಕೂಡಲೇ ಟ್ಯೂಬು ಕದಲಬಹುದು, ರಕ್ತದ ಒಂದು ಸಣ್ಣ ಹೆಪ್ಪು ಅದನ್ನು ಮುಚ್ಚಬಹುದು. ಸರ್ಜನ್‌ಗೆ ‘ಕೈ ತೆಗೆಯಿರಿ’ ಎಂದು ಯಾವಾಗ ಹೇಳಬೇಕು, ಯಾವಾಗ ಇನ್ನರ್ಧ ನಿಮಿಷ ತಾಳಬೇಕು ಎಂಬುದನ್ನು ಫೆಲೋ ಹಿರಿಯರ ಪಕ್ಕದಲ್ಲಿ ನಿಂತೇ ಕಲಿಯಬೇಕು.

ಇನ್ನೊಂದು ಪ್ರಸಂಗ ಇಷ್ಟು ವಿರಳವಲ್ಲ. ಟಾನ್ಸಿಲ್ ತೆಗೆಸಿಕೊಂಡ ನಾಲ್ಕು ವರ್ಷದ ಮಗುವಿನ ಟ್ಯೂಬು ತೆಗೆದ ಕೂಡಲೇ ಗಂಟಲಿನ ಧ್ವನಿತಂತುಗಳು ಬಿಗಿದು ಮುಚ್ಚಿಕೊಳ್ಳುತ್ತವೆ. ಎದೆ ಒಳಕ್ಕೆ ಎಳೆದುಕೊಳ್ಳುತ್ತದೆ, ಸದ್ದು ಮಾತ್ರ ಇಲ್ಲ. ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರಿನ ‘ಟಿಕ್ ಟಿಕ್’ ಸ್ವರ ಕೆಳಗಿಳಿಯತೊಡಗುತ್ತದೆ. ಆ ಸ್ವರ ಇಳಿದದ್ದು ಕಿವಿಗೆ ಬಿದ್ದ ಕೂಡಲೇ ಪರದೆ ನೋಡುವ ಮೊದಲೇ ಕೈ ದವಡೆಯನ್ನು ಮುಂದಕ್ಕೆ ಎತ್ತಬೇಕು, ಮುಸುಕನ್ನು ಬಿಗಿಯಾಗಿ ಹಿಡಿದು ಶುದ್ಧ ಆಮ್ಲಜನಕವನ್ನು ಒತ್ತಬೇಕು. ಬಿಗಿತ ಬಿಡದಿದ್ದರೆ ಪ್ರೊಪೊಫಾಲ್ ಎಂಬ ಅರಿವಳಿಕೆ ಔಷಧ, ಅದಕ್ಕೂ ಬಿಡದಿದ್ದರೆ ಸ್ನಾಯು ಸಡಿಲಿಸುವ ಸಕ್ಸಮೆಥೋನಿಯಂ. ದೊಡ್ಡವರಿಗೆ ಹೋಲಿಸಿದರೆ ಶಿಶು ಕಿಲೋ ತೂಕಕ್ಕೆ ಸುಮಾರು ಎರಡು ಪಟ್ಟು ಆಮ್ಲಜನಕ ಬಳಸುತ್ತದೆ, ಕೂಡಿಟ್ಟುಕೊಂಡದ್ದು ಮಾತ್ರ ಕಡಿಮೆ. ಆಮ್ಲಜನಕ ಇಳಿದರೆ ಅದರ ಹೃದಯ ವೇಗ ಹೆಚ್ಚಿಸಿ ಹೋರಾಡುವುದಿಲ್ಲ, ನಿಧಾನವಾಗುತ್ತದೆ. ನಿಧಾನವಾದ ಹೃದಯ ಶಿಶುವಿಗೆ ನಿಲ್ಲುವ ಹೃದಯದ ಮುನ್ಸೂಚನೆ.

ಅದೇ ಸಕ್ಸಮೆಥೋನಿಯಂನ ಕಥೆ ಇನ್ನೊಂದು ಪಾಠ. 1990ರ ದಶಕದ ಆರಂಭದವರೆಗೆ ಅಮೆರಿಕದಲ್ಲಿ ಮಕ್ಕಳಿಗೆ ಅದನ್ನು ಮಾಮೂಲಾಗಿ ಕೊಡುತ್ತಿದ್ದರು. ಹೊರನೋಟಕ್ಕೆ ಆರೋಗ್ಯವಾಗಿದ್ದ ಕೆಲವು ಗಂಡು ಮಕ್ಕಳು ಔಷಧ ಕೊಟ್ಟ ಕೂಡಲೇ ಹೃದಯ ನಿಂತು ತೀರಿಕೊಂಡರು. ಆಮೇಲೆ ನೋಡಿದರೆ ಹಲವರಲ್ಲಿ ಇನ್ನೂ ಬಯಲಾಗದ ಡುಶೆನ್ ಸ್ನಾಯುಕ್ಷಯ ಇತ್ತು. ಔಷಧ ತಾಗಿದ ಸ್ನಾಯುಗಳು ಒಮ್ಮೆಗೇ ರಕ್ತಕ್ಕೆ ಪೊಟ್ಯಾಸಿಯಂ ಸುರಿಸಿದ್ದವು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಎಚ್ಚರಿಕೆಯ ನಂತರ ಈಗ ಅದು ತುರ್ತಿಗೆ ಮಾತ್ರ. ಟಾನ್ಸಿಲ್ ನಂತರದ ನೋವಿಗೆ ಕೊಡುತ್ತಿದ್ದ ಕೋಡೀನ್ ಕೂಡ ಹೀಗೇ. ಕೆಲವು ಮಕ್ಕಳ ಯಕೃತ್ತು ಅದನ್ನು ಅತಿ ವೇಗವಾಗಿ ಮಾರ್ಫಿನ್ ಆಗಿ ಬದಲಿಸುತ್ತದೆ, ಮಗು ನಿದ್ದೆಯಲ್ಲೇ ಉಸಿರು ನಿಲ್ಲಿಸುತ್ತದೆ ಎಂಬುದು ತಿಳಿದು 2013ರಲ್ಲಿ ಕಟ್ಟುನಿಟ್ಟಿನ ಎಚ್ಚರಿಕೆ ಬಂತು, 2017ರಲ್ಲಿ ಹನ್ನೆರಡು ವರ್ಷದೊಳಗಿನವರಿಗೆ ಕೊಡಲೇಬಾರದೆಂದಾಯಿತು.

ತಂದೆತಾಯಿಯರ ದೊಡ್ಡ ಪ್ರಶ್ನೆ ಮತ್ತೊಂದು: ಅರಿವಳಿಕೆಯಿಂದ ಮಗುವಿನ ಬುದ್ಧಿಗೆ ಏನಾದರೂ ಆಗುತ್ತದೆಯೇ? ಪ್ರಾಣಿಗಳ ಮೇಲಿನ ಪ್ರಯೋಗಗಳು ಭಯ ಹುಟ್ಟಿಸಿದ್ದವು. 2016ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಮೂರು ವರ್ಷದೊಳಗಿನವರಿಗೆ ಮೂರು ಗಂಟೆಗಿಂತ ದೀರ್ಘವಾದ ಅಥವಾ ಪದೇ ಪದೇ ಕೊಡುವ ಅರಿವಳಿಕೆಯ ಬಗ್ಗೆ ಎಚ್ಚರಿಸಿತು. 2019ರಲ್ಲಿ ಬಂದ ‘ಗ್ಯಾಸ್’ ಅಧ್ಯಯನ 722 ಶಿಶುಗಳನ್ನು ಐದು ವರ್ಷದವರೆಗೆ ಹಿಂಬಾಲಿಸಿ, ಒಂದು ಗಂಟೆಯೊಳಗಿನ ಒಂದು ಸಲದ ಅರಿವಳಿಕೆಯಿಂದ ಬುದ್ಧಿಮತ್ತೆಯಲ್ಲಿ ವ್ಯತ್ಯಾಸವಾಗಿಲ್ಲ ಎಂದು ತೋರಿಸಿತು. ದೀರ್ಘ ಅರಿವಳಿಕೆಗಳ ಪ್ರಶ್ನೆಗೆ ಅದು ಉತ್ತರವಲ್ಲ. ಇವೆರಡನ್ನೂ ಗಾಬರಿ ಹುಟ್ಟಿಸದೆ, ಸುಳ್ಳು ಭರವಸೆಯನ್ನೂ ಕೊಡದೆ ತಾಯಿಗೆ ವಿವರಿಸುವುದು ಫೆಲೋ ಕಲಿಯಬೇಕಾದ ವಿದ್ಯೆಯಲ್ಲಿ ಸಣ್ಣ ಭಾಗವೇನೂ ಅಲ್ಲ.

ಉಪವಾಸದ ವಿಷಯವೂ ಅಂಥದ್ದೇ. ಘನ ಆಹಾರಕ್ಕೆ ಆರು ಗಂಟೆ, ಎದೆಹಾಲಿಗೆ ನಾಲ್ಕು, ನೀರಿಗೆ ಎರಡು ಎಂಬುದು ಹಳೆಯ ಲೆಕ್ಕ. ಯುರೋಪಿನ ತಜ್ಞ ಸಂಘಗಳು 2018ರಲ್ಲಿ ನೀರಿನಂಥ ತಿಳಿ ದ್ರವಕ್ಕೆ ಒಂದು ಗಂಟೆ ಸಾಕು ಎಂದವು. ಹಾಗಿದ್ದೂ ‘ರಾತ್ರಿ ಹನ್ನೆರಡರ ಮೇಲೆ ಒಂದು ಹನಿ ನೀರೂ ಬೇಡ’ ಎಂಬ ಆದೇಶ ನಮ್ಮ ಅನೇಕ ವಾರ್ಡುಗಳಲ್ಲಿ ಇನ್ನೂ ಓಡುತ್ತಿದೆ. ಬೆಳಗಿನ ಹನ್ನೊಂದಕ್ಕೆ ಸರದಿ ಬರುವ ಎರಡು ವರ್ಷದ ಮಗು ಅಷ್ಟು ಹೊತ್ತು ಬಾಯಾರಿ ಅಳುವುದರಿಂದ ಯಾರಿಗೂ ಲಾಭವಿಲ್ಲ. ತರಬೇತಿ ಪಡೆದ ಒಬ್ಬರು ಆಸ್ಪತ್ರೆಗೆ ಬಂದರೆ ಮೊದಲು ಬದಲಾಗಬೇಕಾದದ್ದು ಇದು. ಇದಕ್ಕೆ ಯಂತ್ರವೂ ಬೇಡ, ದುಡ್ಡೂ ಬೇಡ.

ಭಾರತದಲ್ಲಿ ಎಂಬಿಬಿಎಸ್ ನಂತರ ಮೂರು ವರ್ಷದ ಎಂಡಿ ಅಥವಾ ಡಿಎನ್‌ಬಿ ಮುಗಿಸಿದವರು ಈ ಕಡೆಗೆ ಬರುತ್ತಾರೆ. ದಾರಿ ಒಂದೇ ಇಲ್ಲ. ಆಸ್ಪತ್ರೆಗಳು ಮತ್ತು ವಿಶ್ವವಿದ್ಯಾಲಯಗಳು ನಡೆಸುವ ಫೆಲೋಶಿಪ್‌ಗಳು ಒಂದು ಕಡೆ, ಮಕ್ಕಳ ಮತ್ತು ನವಜಾತ ಶಿಶುಗಳ ಅರಿವಳಿಕೆಯಲ್ಲಿ ಮೂರು ವರ್ಷದ ಡಿಎಂ ಪದವಿ ಇನ್ನೊಂದು ಕಡೆ. ಡಿಎಂ ಸೀಟುಗಳು ಬೆರಳೆಣಿಕೆಯಷ್ಟು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಹೆಸರು ಇಲ್ಲಿ ಮುಖ್ಯ. ಅಲ್ಲಿ ರೆಬೆಕ್ಕಾ ಜೇಕಬ್ ಅವರ ಮುಂದಾಳುತನದಲ್ಲಿ, ವಿಶ್ವ ಅರಿವಳಿಕೆ ತಜ್ಞ ಸಂಘಗಳ ಒಕ್ಕೂಟದ ಬೆಂಬಲದೊಂದಿಗೆ, ಬೇರೆ ದೇಶಗಳ ವೈದ್ಯರಿಗೂ ಈ ತರಬೇತಿ ಸಿಕ್ಕಿತು. ಭಾರತೀಯ ಮಕ್ಕಳ ಅರಿವಳಿಕೆ ತಜ್ಞರ ಸಂಘ ಸಮ್ಮೇಳನ, ಕಾರ್ಯಾಗಾರಗಳ ಮೂಲಕ ಈ ಬಳಗವನ್ನು ಬೆಸೆಯುತ್ತದೆ.

ಕರ್ನಾಟಕ ಈ ವಿದ್ಯೆಯ ಫಲವನ್ನು ಕಣ್ಣಾರೆ ಕಂಡಿದೆ. 2003ರಲ್ಲಿ ದೆಹಲಿ–ಲಾಹೋರ್ ಬಸ್ಸು ಮತ್ತೆ ಓಡತೊಡಗಿದಾಗ ಅದರಲ್ಲಿ ಬಂದ ಪಾಕಿಸ್ತಾನದ ಪುಟ್ಟ ಹುಡುಗಿಯ ಹೃದಯದ ರಂಧ್ರ ಮುಚ್ಚಿದ್ದು ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ. 2007ರ ನವೆಂಬರ್‌ನಲ್ಲಿ ನಾಲ್ಕು ಕೈ, ನಾಲ್ಕು ಕಾಲುಗಳೊಂದಿಗೆ ಹುಟ್ಟಿದ್ದ ಬಿಹಾರದ ಎರಡು ವರ್ಷದ ಮಗುವಿಗೆ ಬೆಂಗಳೂರಿನ ಸ್ಪರ್ಶ ಆಸ್ಪತ್ರೆಯಲ್ಲಿ ಶರಣ್ ಪಾಟೀಲ್ ನೇತೃತ್ವದ ತಂಡ ಸುಮಾರು 27 ಗಂಟೆ ಶಸ್ತ್ರಚಿಕಿತ್ಸೆ ನಡೆಸಿತು. ಪತ್ರಿಕೆಗಳು ಸರ್ಜನ್ನರ ಚಿತ್ರ ಹಾಕಿದವು. ಅಷ್ಟು ಪುಟ್ಟ ಮೈಯನ್ನು ಅಷ್ಟೂ ಗಂಟೆ ಬೆಚ್ಚಗಿಟ್ಟು, ಹೋದ ರಕ್ತಕ್ಕೆ ರಕ್ತ ಕೊಟ್ಟು, ಸಕ್ಕರೆ ಮತ್ತು ಲವಣಗಳ ಲೆಕ್ಕ ತಪ್ಪದಂತೆ ಕಾಯುವುದು ಅರಿವಳಿಕೆ ತಂಡದ ಪಾಲು.

ಆದರೆ ಬೆಂಗಳೂರೇ ಇಡೀ ಕರ್ನಾಟಕವಲ್ಲ. ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ಅಂಡವಾಯು, ಮುರಿದ ಕೈ, ಕರುಳು ಸಿಕ್ಕಿಕೊಂಡ ಹೊಟ್ಟೆ ಇವಕ್ಕೆಲ್ಲ ಅರಿವಳಿಕೆ ಕೊಡುವವರು ಸಾಮಾನ್ಯ ಅರಿವಳಿಕೆ ವೈದ್ಯರೇ. ತಜ್ಞರನ್ನು ಕೆಲವು ಕೇಂದ್ರಗಳಲ್ಲಿ ಒಟ್ಟುಗೂಡಿಸಿದರೆ ಅಲ್ಲಿ ಮಕ್ಕಳು ಸುರಕ್ಷಿತ, ನಿಜ. ಆದರೆ ಹೆಚ್ಚಿನ ಮಕ್ಕಳು ಮೊದಲು ಮುಟ್ಟುವುದು ಆ ಕೇಂದ್ರಗಳನ್ನಲ್ಲ. ಈ ವಿಷಯದಲ್ಲಿ ತಜ್ಞರ ಸಂಖ್ಯೆಯನ್ನಷ್ಟೇ ಎಣಿಸುವ ಚರ್ಚೆ ಅರ್ಧ ಚರ್ಚೆ. ಸುರಕ್ಷಿತ ಶಸ್ತ್ರಚಿಕಿತ್ಸೆ ಎಟುಕದ ಮಕ್ಕಳು ಮತ್ತು ಹದಿಹರೆಯದವರು ಜಗತ್ತಿನಲ್ಲಿ ಸುಮಾರು 170 ಕೋಟಿ ಎಂಬುದು 2019ರಲ್ಲಿ ಪ್ರಕಟವಾದ ಅಂದಾಜು.

ಭಾರತದಲ್ಲಿ ಡಿಎಂ ಸೀಟುಗಳೇ ಬೆರಳೆಣಿಕೆಯಷ್ಟಿದ್ದರೆ, ಅಮೆರಿಕಕ್ಕೆ ಇದರ ವಿರುದ್ಧದ ಚಿಂತೆ. ಅಲ್ಲಿ ಇತ್ತೀಚಿನ ವರ್ಷಗಳಲ್ಲಿ ಫೆಲೋಶಿಪ್ ಸೀಟುಗಳು ಖಾಲಿ ಉಳಿಯುತ್ತಿವೆ. ರೆಸಿಡೆನ್ಸಿ ಮುಗಿದ ದಿನವೇ ಸಾಮಾನ್ಯ ಅರಿವಳಿಕೆಯ ಕೆಲಸಕ್ಕೆ ದೊಡ್ಡ ಸಂಬಳ ಕಾದಿರುವಾಗ, ಸಾಲ ತಲೆಯ ಮೇಲಿರುವ ಯುವ ವೈದ್ಯರು ಇನ್ನೊಂದು ವರ್ಷ ಕಡಿಮೆ ಸ್ಟೈಪೆಂಡಿಗೆ ದುಡಿಯಲು ಹಿಂಜರಿಯುತ್ತಾರೆ. ಆ ಒಂದು ವರ್ಷದಿಂದ ಮುಂದಿನ ಗಳಿಕೆ ಹೆಚ್ಚುವ ಖಾತ್ರಿಯೂ ಇಲ್ಲ.

ಬಡ ದೇಶಗಳಲ್ಲಿ ಎರಡು ದಾರಿಗಳು ಜೊತೆಯಾಗಿ ನಡೆದಿವೆ. ಒಂದು, ಆಯ್ದ ವೈದ್ಯರನ್ನು ತಮ್ಮದೇ ಭಾಗದ ದೊಡ್ಡ ಮಕ್ಕಳ ಆಸ್ಪತ್ರೆಗೆ ಕಳಿಸಿ ಫೆಲೋಶಿಪ್ ಕೊಡಿಸುವುದು. ವೆಲ್ಲೂರಿನಂತೆ ಚಿಲಿಯ ಸ್ಯಾಂಟಿಯಾಗೊ, ಕೆನ್ಯಾದ ನೈರೋಬಿ, ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ಇದಕ್ಕೆ ಕೇಂದ್ರಗಳಾಗಿವೆ. ಲಂಡನ್ನಿಗೋ ಬಾಸ್ಟನ್ನಿಗೋ ಹೋದವರು ಮರಳುವುದು ಅನುಮಾನ. ನೈರೋಬಿಯಲ್ಲಿ ಕಲಿತವರಿಗೆ ತಮ್ಮ ಊರಿನಂಥದೇ ಸಲಕರಣೆ, ತಮ್ಮ ಊರಿನಂಥದೇ ಕೊರತೆಗಳ ನಡುವೆ ಕಲಿತ ಲಾಭವಿದೆ. ಎರಡನೆಯದು, ‘ಸೇಫ್’ ಹೆಸರಿನ ಮೂರು ದಿನದ ಮಕ್ಕಳ ಅರಿವಳಿಕೆ ಕೋರ್ಸು. ಫೆಲೋಶಿಪ್ ಮಾಡದ, ಮಾಡಲಾಗದ ಜಿಲ್ಲಾ ಆಸ್ಪತ್ರೆಯ ವೈದ್ಯರಿಗೆಂದೇ ರೂಪಿಸಿದ್ದು. ತೂಕಕ್ಕೆ ತಕ್ಕ ಔಷಧ, ವಯಸ್ಸಿಗೆ ತಕ್ಕ ಟ್ಯೂಬು, ಮಗುವಿನ ಹೃದಯ ನಿಂತಾಗ ಮಾಡಬೇಕಾದ ಕೆಲಸ, ಯಾವ ಮಗುವನ್ನು ಕೈಯಲ್ಲಿಟ್ಟುಕೊಳ್ಳದೆ ಮುಂದಿನ ಆಸ್ಪತ್ರೆಗೆ ಕಳಿಸಬೇಕು ಎಂಬ ತೀರ್ಮಾನ, ಇಷ್ಟೇ ಅದರ ಪಠ್ಯ.

ಫೆಲೋಶಿಪ್ ಮುಗಿಸಿ ಬಂದವರು ಜಿಲ್ಲಾ ಕೇಂದ್ರವೊಂದರಲ್ಲಿ ನೆಲೆಸಿದರೆ ಈ ಎರಡು ದಾರಿಗಳೂ ಅಲ್ಲಿ ಕೂಡುತ್ತವೆ. ಸಲಕರಣೆಯ ಟ್ರಾಲಿಯನ್ನು ವಯಸ್ಸಿನ ಪ್ರಕಾರ ಖಾನೆ ಖಾನೆಯಾಗಿ ಜೋಡಿಸುವುದು, ಗೋಡೆಗೆ ತೂಕವಾರು ಔಷಧದ ಪಟ್ಟಿ ಅಂಟಿಸುವುದು, ಅವಧಿಗೆ ಮುನ್ನ ಹುಟ್ಟಿದ ಶಿಶುವಿಗೆ ಗರ್ಭದ ದಿನಗಳೂ ಸೇರಿ 60 ವಾರ ತುಂಬುವ ಮೊದಲು ಅಂಡವಾಯು ಶಸ್ತ್ರಚಿಕಿತ್ಸೆ ಆದರೆ ಉಸಿರು ನಿಲ್ಲುವ ಅಪಾಯವಿದೆ, ಆ ರಾತ್ರಿ ಮನೆಗೆ ಕಳಿಸಬಾರದು ಎಂದು ವಾರ್ಡಿನ ಸಿಸ್ಟರುಗಳಿಗೆ ಹೇಳಿಕೊಡುವುದು, ಪಕ್ಕದ ತಾಲ್ಲೂಕುಗಳ ಅರಿವಳಿಕೆ ವೈದ್ಯರನ್ನು ವರ್ಷಕ್ಕೆ ಕೆಲವು ದಿನ ತಮ್ಮ ಥಿಯೇಟರಿಗೆ ಕರೆಸಿಕೊಂಡು ಅವರ ಕೈಯಲ್ಲೇ ಸಣ್ಣ ಶಿಶುಗಳಿಗೆ ಲೈನ್ ಹಾಕಿಸುವುದು, ಇವಕ್ಕೆಲ್ಲ ಹೊಸ ಕಟ್ಟಡ ಬೇಕಾಗಿಲ್ಲ. ಜಿಲ್ಲೆಗೆ ಒಂದು ಹುದ್ದೆ, ಆ ಹುದ್ದೆಯಲ್ಲಿ ಐದಾರು ವರ್ಷ ಉಳಿಯುವಂಥ ಸಂಬಳ ಮತ್ತು ರಾತ್ರಿ ಪಾಳಿಗೆ ಇನ್ನೊಬ್ಬರ ಜೊತೆ ಬೇಕು.